ಅರಿವು ಕೇಂದ್ರಕ್ಕೆ ವಿಕಿ: ಯಾವ ತಂತ್ರಾಂಶ ಸೂಕ್ತ?

ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದವು. ಇಂದು ಅವು ಅರಿವು ಕೇಂದ್ರಗಳಾಗಿವೆ. ಆದರೆ ಊರಿನ ಅರಿವೆಲ್ಲವೂ ಪುಸ್ತಕಗಳಲ್ಲಿಲ್ಲ. ಗಂಗಾವತಿ ಭಾಗದ ಕಾಲುವೆ ನೀರಿನ ಸರದಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಒಣಬೇಸಾಯದ ಅನುಭವ, ಕಿನ್ನಾಳ ಕಲೆಯ ಕುಶಲಕರ್ಮಿಗಳ ಮಾತು, ಹಳೆಯ ಕೆರೆಬಾವಿಗಳ ಹೆಸರು, ಇವೆಲ್ಲ ಹಿರಿಯರ ನೆನಪಿನಲ್ಲಿ ಅಥವಾ ಯಾರದೋ ಮೊಬೈಲ್‌ನಲ್ಲಿ ಉಳಿದಿವೆ. ಅವರೊಂದಿಗೇ ಅವು ಅಳಿದುಹೋಗುವ ಸಂಭವವಿದೆ. ಇವನ್ನು ಒಂದೆಡೆ ಬರೆದಿಡಲು ವಿಕಿ ಉತ್ತಮ ಸಾಧನ.

ವಿಕಿ ಎಂದರೆ ಅನುಮತಿ ಪಡೆದ ಹಲವರು ಸೇರಿ ಬರೆಯುವ, ತಿದ್ದುವ ಪುಟಗಳ ಸಂಗ್ರಹ. ಪ್ರತಿ ತಿದ್ದುಪಡಿಯ ಹಿಂದಿನ ರೂಪವೂ ಉಳಿಯುವುದರಿಂದ ತಪ್ಪಾದರೆ ಹಳೆಯ ಪುಟವನ್ನು ಮರಳಿ ತರಬಹುದು. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಇದನ್ನು ಮೊದಲು ರೂಪಿಸಿದರು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಇಟಗಿಯ ಮಹಾದೇವ ದೇವಾಲಯ, ಹಿರೇಬೆಣಕಲ್ಲಿನ ಬೃಹತ್ ಶಿಲಾ ಸಮಾಧಿಗಳು ಮುಂತಾದ ವಿಷಯಗಳಿಗೆ ಅದೇ ತಕ್ಕ ಸ್ಥಳ. ಆದರೆ ವಿಕಿಪೀಡಿಯ ಪ್ರಕಟಿತ ಆಧಾರವನ್ನು ಕೇಳುತ್ತದೆ. ಹಿರಿಯರ ಬಾಯಿಮಾತಿನ ದಾಖಲೆಗೆ ಪ್ರತ್ಯೇಕ ವಿಕಿ ಬೇಕು.

ಉಚಿತವಾಗಿ ದೊರೆಯುವ, ಮುಕ್ತ ಆಕರದ ಮೂರು ತಂತ್ರಾಂಶಗಳನ್ನು ಪರಿಗಣಿಸಬಹುದು.

1. ಮೀಡಿಯಾವಿಕಿ: ವಿಕಿಪೀಡಿಯ ನಡೆಯುವುದು ಇದರಲ್ಲಿಯೇ. ಸಾವಿರಾರು ಪುಟಗಳನ್ನು ನಿಭಾಯಿಸುತ್ತದೆ. ಆದರೆ ದತ್ತಸಂಚಯ, ಸರ್ವರ್ ಹಾಗೂ ಆಗಾಗ್ಗೆ ನವೀಕರಣ ಮಾಡಬಲ್ಲ ಸಿಬ್ಬಂದಿ ಬೇಕು. ಹಲವು ಪಂಚಾಯತಿಗಳು ಕೂಡಿ ನಡೆಸುವುದಾದರೆ ಇದು ಸೂಕ್ತ.

2. ಡೋಕುವಿಕಿ: ಪ್ರತಿ ಪುಟವನ್ನು ಸರಳ ಪಠ್ಯ ಕಡತವಾಗಿ ಇಡುತ್ತದೆ, ದತ್ತಸಂಚಯ ಬೇಕಿಲ್ಲ. ಇಡೀ ಫೋಲ್ಡರನ್ನು ಪೆನ್ ಡ್ರೈವ್‌ಗೆ ನಕಲಿಸಿದರೆ ಅದೇ ಕಾಪು ಪ್ರತಿ. ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ನಿಗದಿಪಡಿಸಬಹುದು.

3. ಟಿಡ್ಲಿವಿಕಿ: ಇಡೀ ವಿಕಿ ಒಂದೇ ಕಡತದಲ್ಲಿರುತ್ತದೆ, ಅಂತರಜಾಲವಿಲ್ಲದೆ ತೆರೆಯುತ್ತದೆ. ಆದರೆ ಇಬ್ಬರು ಬೇರೆ ಬೇರೆ ಪ್ರತಿಗಳಲ್ಲಿ ತಿದ್ದಿ ಉಳಿಸಿದರೆ ಒಬ್ಬರ ಕೆಲಸ ಅಳಿಸಿಹೋಗಬಹುದು. ಒಬ್ಬರೇ ಬರೆಯುವಲ್ಲಿ ಮಾತ್ರ ಅನುಕೂಲ.

ಆಯ್ಕೆಗೆ ಮುನ್ನ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಇಂದಿನ ಮೇಲ್ವಿಚಾರಕರು ವರ್ಗವಾದರೆ ಅಥವಾ ಕಂಪ್ಯೂಟರ್ ಕೆಟ್ಟರೆ, ಬೇರೊಬ್ಬರು ಈ ಬರಹಗಳನ್ನು ತೆರೆದು ಓದಬಲ್ಲರೇ? ಈ ಅಳತೆಗೆ ಒಂದೆರಡು ಕಂಪ್ಯೂಟರ್‌ಗಳಿರುವ ಅರಿವು ಕೇಂದ್ರಕ್ಕೆ ಡೋಕುವಿಕಿ ಹೆಚ್ಚು ಹೊಂದುತ್ತದೆ. ತಂತ್ರಾಂಶವೇ ನಿಂತುಹೋದರೂ ಸರಳ ಪಠ್ಯ ಕಡತಗಳು ಯಾವುದೇ ಕಂಪ್ಯೂಟರ್‌ನಲ್ಲಿ ತೆರೆಯುತ್ತವೆ.

ಕನ್ನಡದ ವಿಷಯದಲ್ಲಿ ಎರಡು ಎಚ್ಚರಿಕೆ ಅಗತ್ಯ. ಎಲ್ಲ ಬರಹವೂ ಯೂನಿಕೋಡ್‌ನಲ್ಲಿರಬೇಕು. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯ ಪಠ್ಯವನ್ನು ಪರಿವರ್ತಿಸದೆ ಅಂಟಿಸಿದರೆ ಓದಲೂ ಆಗದು, ಹುಡುಕಲೂ ಆಗದು. ಎರಡನೆಯದಾಗಿ, ಡೋಕುವಿಕಿ ಕಡತದ ಹೆಸರನ್ನು ಸಂಕೇತರೂಪಕ್ಕೆ ಬದಲಿಸುವಾಗ ಕನ್ನಡದ ಪ್ರತಿ ಅಕ್ಷರ ಅಥವಾ ಕಾಗುಣಿತದ ಚಿಹ್ನೆ 9 ಸ್ಥಾನಗಳನ್ನು ಹಿಡಿಯುತ್ತದೆ. ಕಡತದ ಹೆಸರಿಗೆ ಸಾಮಾನ್ಯ ಮಿತಿ 255. ಆದ್ದರಿಂದ ಪುಟದ ಹೆಸರು ಚಿಕ್ಕದಿರಲಿ. ಪೂರ್ಣ ಶೀರ್ಷಿಕೆಯನ್ನು ಪುಟದೊಳಗೆ ಬರೆಯಬಹುದು.

ಸಾಮಾನ್ಯ ಸಭೆಯಲ್ಲಿ ಠರಾವು ಮಾಡುವಾಗ ಮಾನ್ಯ ಸದಸ್ಯರು ಈ ಅಂಶಗಳನ್ನು ಸೇರಿಸುವುದು ಒಳಿತು:

ಅ) ವಿಕಿಯ ಹೊಣೆ ಇಬ್ಬರಿಗಿರಬೇಕು, ಪಾಸ್‌ವರ್ಡ್ ಪಂಚಾಯತಿ ಕಚೇರಿಯಲ್ಲಿ ಮೊಹರು ಮಾಡಿದ ಲಕೋಟೆಯಲ್ಲಿರಬೇಕು.

ಆ) ಪ್ರತಿ ತಿಂಗಳು ಕಾಪು ಪ್ರತಿ ತೆಗೆದು ಗ್ರಂಥಾಲಯದ ಹೊರಗೆ ಇಡಬೇಕು, ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ಪರೀಕ್ಷಿಸಬೇಕು.

ಇ) ಆಧಾರ್ ಸಂಖ್ಯೆ, ದೂರವಾಣಿ ಸಂಖ್ಯೆ, ಮಕ್ಕಳ ವಿವರ, ಫಲಾನುಭವಿಗಳ ಬ್ಯಾಂಕ್ ಮಾಹಿತಿ ಯಾವುದನ್ನೂ ಹಾಕಬಾರದು.

ಈ) ಮಾಹಿತಿ ನೀಡಿದವರ ಒಪ್ಪಿಗೆ ಪಡೆದು, ದಾಖಲಿಸಿದ ದಿನಾಂಕ ನಮೂದಿಸಬೇಕು.

ಮೊದಲ ಮೂರು ತಿಂಗಳಲ್ಲಿ ಪ್ರತಿ ವಾರ್ಡಿನಿಂದ ಐದು ಪುಟಗಳಷ್ಟೇ ಸಿದ್ಧವಾದರೂ ಸಾಕು. ಯಾವ ವಾರ್ಡಿನಲ್ಲಿ ಯಾವ ಹಿರಿಯರನ್ನು ಮೊದಲು ಮಾತನಾಡಿಸಬೇಕೆಂಬುದು ಆಯಾ ವಾರ್ಡಿನ ಸದಸ್ಯರಿಗೇ ಚೆನ್ನಾಗಿ ತಿಳಿದಿರುತ್ತದೆ. ಆ ಪಟ್ಟಿಯನ್ನು ಗ್ರಂಥಾಲಯ ಮೇಲ್ವಿಚಾರಕರಿಗೆ ನೀಡಿ ಕಾರ್ಯಾರಂಭಕ್ಕೆ ಸಹಕರಿಸಲು ಕೋರಿದೆ.