ಮದ್ದು ಇಮ್ಮಡಿಯಾದರೆ ಗುಂಡಿನ ವೇಗವೂ ಇಮ್ಮಡಿಯೇ?

ತುಳುವಿನಲ್ಲಿ ಕೋವಿಗೂ ‘ಬೆಡಿ’ ಎನ್ನುತ್ತಾರೆ, ಜಾತ್ರೆಯ ಸಿಡಿಮದ್ದಿಗೂ ‘ಬೆಡಿ’ ಎನ್ನುತ್ತಾರೆ. ಪುತ್ತೂರು ಬೆಡಿಯನ್ನು ನೋಡಿದವರಿಗೆ ಈ ಮಾತು ಹೊಸದಲ್ಲ. ವೇಣೂರು, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಇರುವುದುಂಟು. ಚುನಾವಣೆ ಬಂತೆಂದರೆ ಅದು ಪೊಲೀಸು ಠಾಣೆಗೆ ಹೋಗಿ ಕುಳಿತಿರುತ್ತದೆ. ವೇಣೂರಿನಲ್ಲಿ ಚಿತ್ರೀಕರಣಕ್ಕೆಂದು ಹೋಗಿದ್ದಾಗ ಅಂಥ ಮನೆಯ ಹುಡುಗನೊಬ್ಬ ನನ್ನನ್ನು ಕೇಳಿದ: “ಸಾರ್, ಮದ್ದು ಎರಡು ಪಾಲು ಹಾಕಿದ್ರೆ ಗುಂಡು ಎರಡು ಪಾಲು ಜೋರು ಹೋಗ್ತದಾ?”

ಇಲ್ಲ. ಏಕೆಂದು ನೋಡೋಣ.

ಮದ್ದು ಉರಿದಾಗ ಬಿಸಿ ಅನಿಲ ಹುಟ್ಟುತ್ತದೆ. ನಳಿಕೆಯಲ್ಲಿ ಅದಕ್ಕೆ ಹೊರಹೋಗಲು ಇರುವುದು ಒಂದೇ ದಾರಿ, ಅಲ್ಲಿ ಗುಂಡು ಅಡ್ಡ ಕುಳಿತಿರುತ್ತದೆ. ಅನಿಲ ಗುಂಡನ್ನು ತಳ್ಳುತ್ತದೆ. ಗುಂಡು ಪಡೆಯುವ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದದ್ದೆಂದು ನೀವು ಪಾಠದಲ್ಲಿ ಓದಿದ್ದೀರಿ. ಅಂದರೆ ಶಕ್ತಿ ಇಮ್ಮಡಿಯಾದರೂ ವೇಗ ಹೆಚ್ಚುವುದು 1.4ರಷ್ಟು ಮಾತ್ರ. ಸೆಕೆಂಡಿಗೆ 300 ಮೀಟರ್ ಹೋಗುತ್ತಿದ್ದ ಗುಂಡು 600 ಮುಟ್ಟಬೇಕಾದರೆ ನಾಲ್ಕು ಪಾಲು ಶಕ್ತಿ ಬೇಕು. ಅದೂ ಲೆಕ್ಕದಲ್ಲಿ. ನಿಜದಲ್ಲಿ ಒಂದಿಷ್ಟು ಶಾಖ ನಳಿಕೆಗೆ ಹೋಗುತ್ತದೆ, ಒಂದಿಷ್ಟು ಶಕ್ತಿ ಅನಿಲವನ್ನೇ ಹೊರದೂಡಲು ಖರ್ಚಾಗುತ್ತದೆ.

ಇದನ್ನು ಅಳೆಯುವ ದಾರಿ ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ತೂಗುಹಾಕಿದ ಭಾರವಾದ ಲೋಲಕಕ್ಕೆ ಗುಂಡು ಹೊಡೆದು, ಅದು ಎಷ್ಟು ತೂಗಾಡಿತೆಂದು ನೋಡಿ ವೇಗವನ್ನು ಲೆಕ್ಕಹಾಕುವ ವಿಧಾನವನ್ನು 1742ರ ತನ್ನ ಪುಸ್ತಕದಲ್ಲಿ ವಿವರಿಸಿದ. 10 ಗ್ರಾಂ ಗುಂಡು 400 ಮೀಟರ್ ವೇಗದಲ್ಲಿ ಬಂದು ನಾಟಿಕೊಂಡಾಗ ಗುಂಡೂ ಲೋಲಕವೂ ಸೇರಿ 4 ಕಿಲೋ ಇದ್ದರೆ, ಅದು ಸೆಕೆಂಡಿಗೆ 1 ಮೀಟರಿನಂತೆ ಹೊರಟು ಸುಮಾರು 5 ಸೆಂಟಿಮೀಟರ್ ಮೇಲೇರುತ್ತದೆ. ಅಷ್ಟು ವೇಗವನ್ನು ಅಡಿಕೋಲಿನಿಂದ ಅಳೆದಂತಾಯಿತು! ಈ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಇಂಜಿನಿಯರಾಗಿ ನಮ್ಮ ದಕ್ಷಿಣ ಭಾರತಕ್ಕೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಕೋಟೆಯಲ್ಲಿ ತೀರಿಕೊಂಡ. 1775ರಲ್ಲಿ ಚಾರ್ಲ್ಸ್ ಹಟ್ಟನ್ ವುಲ್‌ವಿಚ್‌ನಲ್ಲಿ ಫಿರಂಗಿಯಿಂದ ಇದೇ ಪ್ರಯೋಗ ನಡೆಸಿ, ಗುಂಡಿನ ವೇಗ ಮದ್ದಿನ ತೂಕದ ವರ್ಗಮೂಲವನ್ನು ಹೆಚ್ಚುಕಡಿಮೆ ಅನುಸರಿಸುತ್ತದೆಂದು ಕಂಡುಕೊಂಡ.

ಹಾಗಾದರೆ ಮದ್ದು ಹೆಚ್ಚಿಸಿದರೆ ಲಾಭ ಸ್ವಲ್ಪ ಕಡಿಮೆ, ಅಷ್ಟೇ ತಾನೆ ಎಂದು ನೀವು ಕೇಳಬಹುದು. ಅಷ್ಟೇ ಅಲ್ಲ, ತೊಂದರೆ ಇರುವುದು ಒತ್ತಡದಲ್ಲಿ. ಇಂದಿನ ತೋಟೆಗಳಲ್ಲಿರುವ ಹೊಗೆಯಿಲ್ಲದ ಮದ್ದು ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ. ಬೇಗ ಉರಿದಷ್ಟೂ ಒತ್ತಡ ಮತ್ತೆ ಏರುತ್ತದೆ. ಹೀಗಾಗಿ ವೇಗ ಒಂದು ಹೆಜ್ಜೆ ಇಡುವಷ್ಟರಲ್ಲಿ ಒತ್ತಡ ಎರಡು ಮೂರು ಹೆಜ್ಜೆ ಮುಂದಿರುತ್ತದೆ. ತಡೆಯಲಾರದ ಹಂತ ಮುಟ್ಟಿದರೆ ಸಿಡಿಯುವುದು ನಳಿಕೆ, ಅದೂ ಹಿಡಿದವರ ಮುಖದ ಹತ್ತಿರ. ಕೆಲವು ದೇಶಗಳಲ್ಲಿ ಹವ್ಯಾಸಿಗಳು ರೈಫಲ್ ತೋಟೆಗಳನ್ನು ತಾವೇ ತುಂಬುತ್ತಾರೆ. ಅವರು ಮದ್ದನ್ನು ತೂಗುವುದು ‘ಗ್ರೇನ್’ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಅರ್ಧದಷ್ಟು. ತಯಾರಕರು ಮುದ್ರಿಸಿದ ಕೋಷ್ಟಕವನ್ನು ಅವರು ಮೀರುವುದಿಲ್ಲ. ‘ಇನ್ನೊಂದು ಚಿಟಿಕೆ ಇರಲಿ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅಪರಾಧ.

ಬಯಲಿನಲ್ಲಿ ಚೆಲ್ಲಿದ ಕಪ್ಪು ಮದ್ದು ಭುಸ್ಸೆಂದು ಉರಿದುಹೋಗುತ್ತದೆ. ಅದನ್ನೇ ಬಿಗಿಯಾಗಿ ಮುಚ್ಚಿಟ್ಟರೆ ಸಿಡಿಯುತ್ತದೆ. 2024ರ ಜನವರಿ 28ರಂದು ವೇಣೂರು ಬಳಿಯ ಕುಕ್ಕೇಡಿಯಲ್ಲಿ ಪಟಾಕಿ ತಯಾರಿಸುವಲ್ಲಿ ಸ್ಫೋಟವಾಗಿ ಮೂವರು ಸತ್ತದ್ದನ್ನು ಆ ಕಡೆಯವರು ಮರೆತಿರಲಾರರು. ನನ್ನನ್ನು ಪ್ರಶ್ನೆ ಕೇಳಿದ ಹುಡುಗನೂ ಮರೆತಿರಲಿಲ್ಲ.

ಅವನಿಗೆ ನಾನು ಹೇಳಿದ ಪ್ರಯೋಗಕ್ಕೆ ಮದ್ದು ಬೇಡ. ಜೇಡಿಮಣ್ಣು ತುಂಬಿದ ಸಣ್ಣ ಡಬ್ಬಿಯನ್ನು ದಾರದಲ್ಲಿ ತೂಗುಹಾಕಿ. ರಬ್ಬರ್ ಕವಣೆಯಿಂದ ಗೋಲಿಯೊಂದನ್ನು ಅದಕ್ಕೆ ಹೊಡೆದು, ಡಬ್ಬಿ ಎಷ್ಟು ಮೇಲೇರಿತೆಂದು ಹಿಂದಿಟ್ಟ ಕಾಗದದ ಮೇಲೆ ಗುರುತು ಮಾಡಿ. ಈಗ ಅಂಥದೇ ಇನ್ನೊಂದು ರಬ್ಬರನ್ನು ಜೊತೆಗೆ ಕಟ್ಟಿ, ಮೊದಲಿನಷ್ಟೇ ಎಳೆದು ಬಿಡಿ. ಎದುರಿಗೆ ಯಾರೂ ನಿಂತಿರಬಾರದು. ಡಬ್ಬಿ ಏರುವ ಎತ್ತರ ಸುಮಾರು ಎರಡರಷ್ಟಾಗಬೇಕು. ಗೋಲಿಯ ವೇಗ ಎಷ್ಟರಷ್ಟಾಯಿತು? ಲೆಕ್ಕ ನೀವೇ ಮಾಡಿ.