ಬೆಟ್ಟದ ಮೇಲೊಂದು ಗುಡಾರ

ಹೊಯ್ಸಳರ ಶಾಸನಗಳು ದೋರಸಮುದ್ರವನ್ನು ‘ನೆಲೆವೀಡು’ ಎಂದು ಕರೆಯುತ್ತವೆ. ಬೀಡು ಎಂದರೆ ಸೈನ್ಯವು ತಂಗುವ ತಾಣ. ಅದೇ ನೆಲೆಯಾಗಿ ನಿಂತಾಗ ರಾಜಧಾನಿ. ಬಟ್ಟೆಯ ಮನೆಯನ್ನು ಕಟ್ಟಿ, ಬಿಚ್ಚಿ, ಹೊತ್ತು ನಡೆಯುವ ವಿದ್ಯೆ ಅಷ್ಟು ಹಳೆಯದು. 1907ರಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರೊಡನೆ ಬೀಡುಬಿಟ್ಟ ಮೇಲೆ ಅದು ಸ್ಕೌಟ್ ಮಕ್ಕಳ ಪಾಠವೂ ಆಯಿತು.

ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಳಲ್ಲಿ ಈ ಪಾಠ ಸುಲಭವಲ್ಲ. ಸಕಲೇಶಪುರವು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಘಟ್ಟವನ್ನೇರಿ ಬಿಸಿಲೆಯ ಕಡೆಗೆ ಧಾರಾಕಾರವಾಗಿ ಸುರಿದು, ಪೂರ್ವದ ಆಲೂರನ್ನು ಮುಟ್ಟುವ ವೇಳೆಗೆ ಬಡವಾಗುತ್ತವೆ. ಮಳೆಗಾಲದಲ್ಲಿ ಇಲ್ಲಿ ಗುಡಾರ ಹೂಡುವುದು ಹುಚ್ಚುಸಾಹಸವೆಂದೇ ನನ್ನ ಅಭಿಪ್ರಾಯ. ಉಂಬಳಗಳಿಗೆ ರಕ್ತದಾನ ಮಾಡುವ ಆಸೆಯುಳ್ಳವರ ಮಾತು ಬೇರೆ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಯೋಗ್ಯವಾದುದು. ಆಗಲೂ ಮಂಜು ಬಿಡದು. ಮಂಜರಾಬಾದಿಗೆ ಆ ಹೆಸರು ಮಂಜಿನಿಂದಲೇ ಬಂದಿತೆಂದು ಹೇಳುವುದುಂಟು.

ರಾತ್ರಿಯ ತಣ್ಣನೆಯ ಗಾಳಿ ಭಾರವಾಗಿ ಕಣಿವೆಗೆ ಇಳಿಯುವುದರಿಂದ ಹಳ್ಳದ ದಂಡೆಯಲ್ಲಿ ಚಳಿಯೂ ಇಬ್ಬನಿಯೂ ಹೆಚ್ಚು. ಗುಡ್ಡದ ನೆತ್ತಿಯಲ್ಲಿ ಗಾಳಿಯ ಹೊಡೆತ. ಇವೆರಡರ ನಡುವಣ ಸಮತಟ್ಟಾದ, ನೀರು ನಿಲ್ಲದ ನೆಲವೇ ಉತ್ತಮ. ಸಿಲ್ವರ್ ಓಕ್ ಮರದಡಿ ಬೇಡ. ಅದರ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ. ಬೇಸಗೆಯಾದರೆ ಹಲಸಿನ ಮರದಡಿಯೂ ಬೇಡ. ಮಾಗಿದ ಹಣ್ಣಿನ ಪರಿಮಳ ಆನೆಗಳನ್ನು ಸೆಳೆಯುತ್ತದೆ. ಆನೆಯ ವಿಷಯವನ್ನು ಹಗುರವಾಗಿ ಕಾಣಬಾರದು. 2014ರಲ್ಲಿ ಅರಣ್ಯ ಇಲಾಖೆಯು ಆಲೂರಿನ ಕಡೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿತು. ಆದರೂ ಅನಂತರ ಬೇರೆ ಆನೆಗಳು ಅದೇ ಸೀಮೆಗೆ ಬಂದವು. ಬೇಲಿ ಮುರಿದಿರುವಲ್ಲಿ, ಲದ್ದಿ ಬಿದ್ದಿರುವಲ್ಲಿ, ಕಾಡಿಗೂ ಗದ್ದೆಗೂ ನಡುವಣ ಜಾಡಿನಲ್ಲಿ ಗೂಟ ಹೊಡೆಯುವುದೆಂದರೆ ಪರರ ಹೆದ್ದಾರಿಯಲ್ಲಿ ಹಾಸಿಗೆ ಹಾಸಿದಂತೆ. ಊರವರನ್ನೂ ತೋಟದ ಯಜಮಾನರನ್ನೂ ಕೇಳದೆ, ಕಾಡಿನಲ್ಲಾದರೆ ಇಲಾಖೆಯ ಅನುಮತಿಯಿಲ್ಲದೆ ಬೀಡುಬಿಡಕೂಡದು. ಅಕ್ಕಿ, ಉಪ್ಪು, ಹಣ್ಣುಗಳನ್ನು ಗುಡಾರದೊಳಗೆ ಇಟ್ಟುಕೊಂಡು ಮಲಗಲೂಬಾರದು.

ಕಲ್ಲುಮುಳ್ಳುಗಳನ್ನು ಆರಿಸಿ ತೆಗೆದು ನೆಲಹಾಸನ್ನು ಹಾಸಬೇಕು. ಅದರ ಅಂಚು ಗುಡಾರದಿಂದಾಚೆಗೆ ಚಾಚಿದರೆ ಮಳೆನೀರನ್ನು ಹಿಡಿದು ಒಳಕ್ಕೆ ಹರಿಸುತ್ತದೆ. ಬಾಗಿಲು ಗಾಳಿಗೆ ಎದುರಾಗಿರಬಾರದು. ನಾಲ್ಕು ಮೂಲೆಗಳನ್ನು ಬಿಗಿದ ತರುವಾಯ ಕಂಬಗಳನ್ನು ನಿಲ್ಲಿಸಿ, ಹಗ್ಗಗಳನ್ನು ಎಳೆದು ಕಟ್ಟಬೇಕು. ಗೂಟದ ತಲೆ ಗುಡಾರದಿಂದ ಹೊರಕ್ಕೆ ವಾಲಿ, ಹಗ್ಗಕ್ಕೆ ಹೆಚ್ಚುಕಡಮೆ ಲಂಬವಾಗಿರಲಿ. ನೆಟ್ಟಗೆ ಹೊಡೆದ ಗೂಟವು ಎಳೆತಕ್ಕೆ ಸುಲಭವಾಗಿ ಕಿತ್ತುಬರುತ್ತದೆ.

ನೂಲಿನ ಹಗ್ಗದ ಸ್ವಭಾವ ವಿಚಿತ್ರವಾದುದು. ನೆನೆದಾಗ ಅದರ ಎಳೆಗಳು ನೀರು ಹೀರಿ ಉಬ್ಬುತ್ತವೆ; ಹಗ್ಗ ದಪ್ಪವಾಗಿ, ಉದ್ದದಲ್ಲಿ ಕುಗ್ಗುತ್ತದೆ. ಸಂಜೆಯೇ ಸ್ವಲ್ಪ ಸಡಿಲಿಸದಿದ್ದರೆ ನಡುರಾತ್ರಿಯ ಇಬ್ಬನಿಗೆ ಬಿಗಿದು ಗೂಟವನ್ನೇ ಕಿತ್ತೀತು. ನೈಲಾನ್ ಬಟ್ಟೆಯ ಗುಣ ಇದಕ್ಕೆ ವಿರುದ್ಧ: ಒದ್ದೆಯಾದರೆ ಹಿಗ್ಗಿ ಜೋಲುತ್ತದೆ, ಮತ್ತೆ ಬಿಗಿಯಬೇಕಾಗುತ್ತದೆ. ಹತ್ತಿಯ ಕ್ಯಾನ್ವಾಸಿನಲ್ಲಿ ಎಳೆಗಳು ಉಬ್ಬಿ ರಂಧ್ರಗಳು ಮುಚ್ಚಿಕೊಳ್ಳುವುದರಿಂದಲೇ ಮಳೆ ಒಳಕ್ಕೆ ಇಳಿಯದು. ಆದರೆ ಒಳಗಿನಿಂದ ಬೆರಳು ತಾಗಿಸಿದಿರೋ, ಆ ಜಾಗದಿಂದ ನೀರು ತೊಟ್ಟಿಕ್ಕತೊಡಗುತ್ತದೆ.

ಬೆಳಗಾಗೆದ್ದು ಒಳಬದಿಯಲ್ಲಿ ಹನಿಗಳನ್ನು ಕಂಡು ಗುಡಾರ ಸೋರಿತೆಂದು ದೂರುವವರಿದ್ದಾರೆ. ಅದು ಅವರದೇ ಉಸಿರಿನ ತೇವ. ತಣ್ಣನೆಯ ಬಟ್ಟೆಗೆ ತಾಗಿ ನೀರಾಗಿರುತ್ತದೆ. ಚಳಿಯೆಂದು ಗಾಳಿಕಿಂಡಿಗಳನ್ನು ಮುಚ್ಚಬಾರದು. ಕೆಂಡವನ್ನಾಗಲಿ ಒಲೆಯನ್ನಾಗಲಿ ಒಳಗೆ ಇಡುವುದು ಎಂದಿಗೂ ಸಲ್ಲದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಟ್ಟಾರು.

ಒದ್ದೆ ಗುಡಾರವನ್ನು ಮಡಿಸಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹತ್ತಿಯನ್ನು ತಿಂದು ಜೀರ್ಣಗೊಳಿಸುತ್ತದೆ; ನೈಲಾನಿನ ಮೇಲಣ ಲೇಪವು ತೇವದಿಂದ ಅಂಟಂಟಾಗಿ ಸುಲಿಯುತ್ತದೆ. ಹಾಗೆಂದು ದಿನಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ ನೈಲಾನ್ ಶಕ್ತಿಗುಂದುತ್ತದೆ. ಮಣ್ಣನ್ನು ಬರಿಯ ನೀರಿನಿಂದ ಒರೆಸಿದರೆ ಸಾಕು. ಒಣಗಿಸಲು ಈ ಸೀಮೆಯಲ್ಲಿ ಕಾಫಿಯ ಕಣಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಆದರೆ ಡಿಸೆಂಬರ್, ಜನವರಿಗಳಲ್ಲಿ ಕಣದ ತುಂಬ ಕಾಫಿಹಣ್ಣು ಹರವಿರುತ್ತದೆ. ಯಜಮಾನರು ಒಂದು ಮೂಲೆಯನ್ನು ಬಿಟ್ಟುಕೊಟ್ಟರೆ ಅದೇ ಬಹಳ. ಹೊರಡುವ ಮುನ್ನ ಗೂಟಗಳನ್ನು ಎಣಿಸಿ ಚೀಲಕ್ಕೆ ಹಾಕಿ, ಅವು ಬಿಟ್ಟ ಗುಳಿಗಳನ್ನು ಕಾಲಿನಿಂದ ಮೆಟ್ಟಿ ಮುಚ್ಚಬೇಕು. ಆ ಗುಡ್ಡದಲ್ಲಿ ದನಗಳು ಮೇಯುತ್ತವೆ.