ಸಿಲಿಕಾನ್ ಹಾಳೆ ಕೊಯ್ಯುವಾಗ ಹುಡಿಯಾಗುವುದೆಷ್ಟು?

ಬೆಳ್ಳಾರೆ ಕಡೆಯ ಮರದ ಮಿಲ್ಲಿನಲ್ಲಿ ದಿಮ್ಮಿ ಸೀಳುವುದನ್ನು ನೋಡಿದವರಿಗೆಲ್ಲ ಗೊತ್ತುಂಟು: ಗರಗಸ ಎಷ್ಟು ದಪ್ಪವೋ ಅಷ್ಟು ಮರ ಹುಡಿಯಾಗಿ ಹೋಗ್ತದೆ. ನಮ್ಮೂರ ಟೆರೇಸುಗಳ ಮೇಲಿರುವ ಸೋಲಾರ್ ಪ್ಯಾನೆಲ್ಲಿನ ಸಿಲಿಕಾನ್ ಹಾಳೆಯನ್ನೂ, ಅಂದರೆ ವೇಫರನ್ನೂ, ಹೀಗೇ ಕೊಯ್ಯುತ್ತಾರೆ. ಆದರೆ ಇಲ್ಲಿ ಹುಡಿ ಬಹಳ ದುಬಾರಿ. ಯಾಕೆ ಅಂತ ನೋಡೋಣ.

ಬೆಣಚುಕಲ್ಲನ್ನು ಇಂಗಾಲದ ಜೊತೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದರೆ 98-99% ಶುದ್ಧ ಸಿಲಿಕಾನ್ ಸಿಗುತ್ತದೆ. ಸೆಲ್ಲಿಗೆ ಇಷ್ಟು ಸಾಲದು. ಅದನ್ನು ಟ್ರೈಕ್ಲೋರೋಸಿಲೇನ್ ಎಂಬ ದ್ರವವಾಗಿಸಿ, ಬಟ್ಟಿ ಇಳಿಸಿ, ಸುಮಾರು 1100 ಡಿಗ್ರಿ ಸೆಲ್ಸಿಯಸ್‌ನ ಸರಳುಗಳ ಮೇಲೆ ಮತ್ತೆ ಸಿಲಿಕಾನ್ ಆಗಿ ಕೂರಿಸುತ್ತಾರೆ. ಇದೇ ಪಾಲಿಸಿಲಿಕಾನ್. ನಮ್ಮವರಿಗೆ ಇದು ಹೊಸ ವಿದ್ಯೆಯೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಆರ್. ವಾಸುದೇವಮೂರ್ತಿ ಅವರ ತಂಡ ರೂಪಿಸಿದ ತಂತ್ರಜ್ಞಾನ, 1980ರ ದಶಕದಲ್ಲೇ ಕಾವೇರಿ ದಡದ ಮೆಟ್ಟೂರಿನ ಮೆಟ್ಕೆಮ್ ಸಿಲಿಕಾನ್ ಕಾರ್ಖಾನೆಗೆ ಹೋಗಿತ್ತು.

ಮುಂದಿನ ಹಂತ ಹರಳು ಬೆಳೆಸುವುದು. ಪಾಲಿಸಿಲಿಕಾನನ್ನು 1414 ಡಿಗ್ರಿಯಲ್ಲಿ ಕರಗಿಸಿ, ಒಂದು ಪುಟ್ಟ ಬೀಜಹರಳನ್ನು ಅದಕ್ಕೆ ತಾಗಿಸಿ, ತಿರುಗಿಸುತ್ತಾ ನಿಧಾನಕ್ಕೆ ಮೇಲೆಳೆಯುತ್ತಾರೆ. 1916ರಲ್ಲಿ ಯಾನ್ ಚೊಕ್ರಾಲ್ಸ್ಕಿ ಕಂಡುಕೊಂಡ ವಿಧಾನ ಇದು. ಗಂಟೆಗಟ್ಟಲೆ ಎಳೆದ ಮೇಲೆ ಕಂಬದಂಥ ಒಂದೇ ಹರಳು ಸಿಗುತ್ತದೆ.

ಇಷ್ಟು ಕರೆಂಟು, ಇಷ್ಟು ಹೊತ್ತು ಖರ್ಚಾದ ಮೇಲೆ ಕೊಯ್ಲು. ಗಾಡಿಯಿರುವ ರೋಲರುಗಳಿಗೆ ಸಾವಿರಾರು ಸುತ್ತು ಸುತ್ತಿದ ತೆಳ್ಳಗಿನ ತಂತಿ, ಇಡೀ ಕಂಬವನ್ನು ಒಟ್ಟಿಗೇ ಹಾಳೆಗಳಾಗಿ ಸೀಳುತ್ತದೆ. ಹಿಂದೆ ಉಕ್ಕಿನ ತಂತಿಗೆ ಸಿಲಿಕಾನ್ ಕಾರ್ಬೈಡ್ ಹುಡಿಯ ದ್ರವ ಸುರಿದು ಕೊಯ್ಯುತ್ತಿದ್ದರು. 180 ಮೈಕ್ರಾನಿನ ಹಾಳೆಗೆ ಸುಮಾರು 150 ಮೈಕ್ರಾನ್ ಹುಡಿ! ಈಗ ವಜ್ರದ ಕಣ ಅಂಟಿಸಿದ ತಂತಿ ಬಂದಿದೆ. ಹಾಳೆ ಸುಮಾರು 150, ಹುಡಿ ಸುಮಾರು 60 ಮೈಕ್ರಾನ್. ಒಂದು ಮೀಟರ್ ಕಂಬಕ್ಕೆ ಲೆಕ್ಕ ಹಾಕಿ: ಆಗ ಸುಮಾರು 3,030 ಹಾಳೆ, ಈಗ 4,760.

ಹುಡಿಯನ್ನೇ ಮತ್ತೆ ಕರಗಿಸಬಹುದಲ್ವಾ? ಅಷ್ಟು ಸುಲಭ ಇಲ್ಲ. ಕಣಗಳು ತೀರಾ ಸಣ್ಣವು, ಬೇಗ ಆಕ್ಸೈಡ್ ಆಗ್ತವೆ. ತಂತಿಯ ಲೋಹವೂ ಸೇರಿರುತ್ತದೆ. ಹಾಳೆಯನ್ನೇ ಇನ್ನೂ ತೆಳ್ಳಗೆ ಮಾಡಿದರೆ ಒಡೆಯುತ್ತದೆ, ಬೆಳಕನ್ನೂ ಪೂರ್ತಿ ಹೀರಿಕೊಳ್ಳುವುದಿಲ್ಲ.

2021ರಲ್ಲಿ ಜಗತ್ತಿನ ವೇಫರ್ ಉತ್ಪಾದನಾ ಸಾಮರ್ಥ್ಯದ 95%ಕ್ಕಿಂತ ಹೆಚ್ಚು ಚೀನಾ ಒಂದರಲ್ಲೇ ಇತ್ತು. ಪ್ಯಾನೆಲ್ ಜೋಡಿಸಲು ಕಲಿತರಷ್ಟೇ ಸಾಲದು, ಹಾಳೆ ಕೊಯ್ಯಲೂ ಕಲಿಯಬೇಕು. ತಂತಿ, ರೋಲರು, ಕೂಲಂಟು ಮೆಕ್ಯಾನಿಕಲ್‌ನವರ ಕೆಲಸ. ಹುಡಿ ಶುದ್ಧಮಾಡುವುದು ಕೆಮಿಕಲ್‌ನವರದ್ದು. ಪ್ರಾಜೆಕ್ಟ್ ವಿಷಯ ಹುಡುಕುತ್ತಿದ್ದೀರಾ? ಇದೊಂದನ್ನು ಯೋಚಿಸಿ ನೋಡಿ.